ಮಣಿ ತೋರಣದ ಮೇಡಂ

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಭಾಷಾಭಿಮಾನ ಒಂದೇ ಕಾರಣವಲ್ಲ. ಇಲ್ಲಿ ಬರುವ ಕಳ್ಳರಿಗೆ ಕನ್ನಡ ಓದಲು ಬರುವುದಿಲ್ಲ ಎಂಬ ಧೈರ್ಯವೂ ಇದೆ. ಮೇಡಂ ಹೆಸರನ್ನು ಮಾತ್ರ ಬರೆಯುವುದಿಲ್ಲ. ಬದುಕಿದ್ದಾಗಲೇ ಹೇಳಿಟ್ಟಿದ್ದರು: "ಎಲ್ಲಾರ ಮುಂದ ಹೇಳ್ಕೊಂತ ಹೋಗು, ಬ್ಯಾಡ ಅನ್ನಂಗಿಲ್ಲ. ನನ್ನ ಹೆಸರು ಹಾಕಬ್ಯಾಡ. ಆ ಹಲ್ಕಟ್ ಮಂದಿ ಹೆಸರು ಹಿಡಕೊಂಡು ಮನಿ ತನಕ ಬಂದಾರು." ಅವರು ತೀರಿಕೊಂಡು ವರ್ಷದ ಮೇಲಾಯಿತು. ಈಗ ಯಾರು ಬಂದರೂ ಅವರು ಸಿಗುವುದಿಲ್ಲ. ಆದರೆ ಆ ಮನೆಯಲ್ಲಿ ಅವರ ಅಕ್ಕ ಇದ್ದಾರೆ. ಆದ್ದರಿಂದ ಹೆಸರು ಬೇಡ.

ನಾನು ಮೈಸೂರಿನಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಯಲು ಹೈದರಾಬಾದಿಗೆ ಬಂದಾಗ ಅಮೀರ್‌ಪೇಟ್‌ನ ರಸ್ತೆ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದವು. ಗಚ್ಚಿಬೌಲಿ ಕಡೆ ಗಾಜಿನ ಕಟ್ಟಡಗಳು, ಅಮೀರ್‌ಪೇಟ್‌ನಲ್ಲಿ ಆ ಕಟ್ಟಡಗಳ ಒಳಗೆ ಹೋಗುವ ದಾರಿ ಕಲಿಸುವ ಅಂಗಡಿಗಳು. ಬಸ್ಸಿಳಿದ ಕೂಡಲೇ ಕೈಗೆ ಕರಪತ್ರ ತುರುಕಿ, ಕೋರ್ಸು ಮುಗಿಯುವುದರೊಳಗೆ ನೌಕರಿ ಎಂದು ಮೂಗಿಗೆ ತುಪ್ಪ ಸವರುವವರು ಹೆಜ್ಜೆಗೊಬ್ಬರು. ಅಂಥ ಒಂದು ಅಂಗಡಿಯ ಮೇಲಿನ ಮಹಡಿಯಲ್ಲಿ, ಫ್ಯಾನು ಗರಗರ ಎನ್ನುವ ಕೋಣೆಯಲ್ಲಿ ಮೇಡಂ ಟೆಸ್ಟಿಂಗ್ ಹೇಳಿಕೊಡುತ್ತಿದ್ದರು. ಊರು ಲಿಂಗಸೂಗೂರು ಕಡೆ. ಪಾಠ ತೆಲುಗಿನಲ್ಲಿ, ಆಟೋದವರ ಜೊತೆ ಹಿಂದಿಯಲ್ಲಿ, ಕ್ಲಾಸಿನಲ್ಲಿ ಸಿಟ್ಟು ಬಂದರೆ ಮಾತ್ರ ಕನ್ನಡದಲ್ಲಿ. ನಾವು ಕೆಲವು ಕನ್ನಡದವರು ಅವರ ಸಿಟ್ಟಿಗಾಗಿ ಕಾಯುತ್ತಿದ್ದೆವು.

ಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಭಾಗಕ್ಕೆ ತಿರುಗಿಸಿ ಕಟ್ಟಿಕೊಳ್ಳುವುದು ಅವರ ಅಭ್ಯಾಸ. ಯಾರಾದರೂ ಸುಳ್ಳು ಹೇಳತೊಡಗಿದರೆ ಅಂಗೈ ಮೇಲೆ ಮಾಡಿ ಗಡಿಯಾರ ನೋಡುತ್ತಿದ್ದರು. "ಮೇಡಂ, ನಿನ್ನೆ ಜ್ವರ ಇತ್ತು" ಎಂದು ಶುರು ಮಾಡಿದ ಹುಡುಗ ಆ ಕೈ ತಿರುಗಿದ್ದು ಕಂಡರೆ, "ಇಲ್ಲ ಮೇಡಂ, ಸಿನಿಮಾಕ್ಕೆ ಹೋಗಿದ್ದೆ" ಎಂದು ಮುಗಿಸುತ್ತಿದ್ದ. ಪಾಠದ ನಡುವೆ ಸಿಟ್ಟು ಬಂದಾಗ ಅವರು ಪದೇಪದೇ ಹೇಳುತ್ತಿದ್ದುದು ಒಂದೇ ಮಾತು: "ಎಲ್ಲಿ ನಿಮಗ ‘ಇದು ಸರಿ ಐತಿ ಬಿಡು’ ಅನಸ್ತೈತಿ, ಅಲ್ಲೇ ಮೊದಲ ಕೈ ಹಾಕ್ರಿ."

ನೆನಪಿನ ಶಕ್ತಿ ವಿಪರೀತ. ಕೆಟ್ಟದ್ದರ ನೆನಪು ಇನ್ನೂ ಹೆಚ್ಚು. ನಮ್ಮ ಹಾಸ್ಟೆಲಿನ ಕೆಳಗಿದ್ದ ಟಿಫಿನ್ ಸೆಂಟರಿನವನು ಒಮ್ಮೆ ಅವರಿಗೆ ಹಿಂದಿನ ದಿನದ ಚಟ್ನಿ ಬಡಿಸಿ, ಕೇಳಿದ್ದಕ್ಕೆ "ಬೇಕಾದರೆ ತಿನ್ನಿ" ಎಂದಿದ್ದನಂತೆ. ಅಂದಿನಿಂದ ಪ್ರತಿ ಹೊಸ ಬ್ಯಾಚಿನ ಹುಡುಗ ಹುಡುಗಿಯರನ್ನು ಸಾಲಾಗಿ ಅವನ ಅಂಗಡಿಯ ಮುಂದಿನಿಂದಲೇ ಕರೆದುಕೊಂಡು ಹೋಗಿ ಪಕ್ಕದ ಅಂಗಡಿಯಲ್ಲಿ ತಿಂಡಿ ತಿನ್ನಿಸುತ್ತಿದ್ದರು. ಅವನು ನೋಡಬೇಕು, ನೋಡುತ್ತಾ ದೋಸೆ ಹೊಯ್ಯಬೇಕು. "ಸಾಕು ಬಿಡಿ ಮೇಡಂ, ಪಾಪ" ಎಂದು ನಾನೊಮ್ಮೆ ಅಂದೆ. "ಪಾಪ ಅನ್ನಾಕ ಅವನ ಹೇಂತಿ ಅದಾಳ. ನಾ ಯಾಕ ಅನ್ಲಿ?" ಎಂದರು. ಆಗಲೇ ನನಗೆ ಅವರು ಇಷ್ಟವಾದದ್ದು. ನನಗೂ ಕ್ಷಮಿಸುವ ಗುಣ ಕಡಿಮೆ.

ಆ ಹೆಂಗಸರ ಹಾಸ್ಟೆಲಿನಲ್ಲಿ ನನ್ನದೂ ಮೇಡಂದೂ ಒಂದೇ ಕೋಣೆ. ಮಲಗುವ ಮುಂಚೆ ಅವರು ಮಾತಾಡುತ್ತಿದ್ದುದು ಅಕ್ಕನ ಬಗ್ಗೆ ಮಾತ್ರ. ತಾಯಿ ಬೇಗ ಹೋಗಿದ್ದರಿಂದ ಇವರನ್ನು ಸಾಕಿದ್ದು ಅಕ್ಕ. ಆ ಅಕ್ಕ ಮದುವೆಯಾಗಿ ಹೋದ ಮನೆಯಲ್ಲಿ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಅತ್ತೆ, ಮೈದುನ, ಅವನ ಹೆಂಡತಿ ಇರುವ ಆ ಮನೆಯಲ್ಲಿ ರೊಟ್ಟಿ ಬಡಿಯುವ ಎರಡು ಕೈಯಾಗಿ ಉಳಿದುಕೊಂಡರು. ಕೆಲಸವೆಲ್ಲ ಮುಗಿಸಿ ಮೂಲೆಯಲ್ಲಿ ಕೂತು ಮಣಿ ಪೋಣಿಸಿ, ಬಾಗಿಲ ತೋರಣ ಮಾಡಿ, ಮದುವೆಯಾಗುವ ಮನೆಗಳಿಗೆ ಮಾರಿ ತಂಗಿಯನ್ನು ಓದಿಸಿದರು. ನಮ್ಮ ಮೈಸೂರಿನಲ್ಲಿ ಮಾವಿನೆಲೆ ಕಟ್ಟಿದರೆ ಆಯಿತು. ಅವರ ಕಡೆ ಬಾಗಿಲ ಮೇಲೆ ಮಣಿಯ ತೋರಣ ಇರಬೇಕು, ಆಚೀಚೆ ಎರಡು ಗಿಳಿ, ನಡುವೆ ಕೆಂಪು ಮಣಿಯಲ್ಲಿ "ಸುಸ್ವಾಗತ". ಮೇಡಂ ಓದಿದ್ದು ಆ ಅಕ್ಷರಗಳ ದುಡಿಮೆಯಲ್ಲಿ.

ಒಂದು ಮನೆ ಹಿಡಿಯಬೇಕು, ಅಕ್ಕನನ್ನು ಆ ಮನೆಯಿಂದ ಬಿಡಿಸಿ ತರಬೇಕು. ಮೇಡಂಗೆ ಬೇರೆ ಆಸೆ ಇರಲಿಲ್ಲ. ಕ್ಲಾಸು ಮುಗಿದ ಮೇಲೆ ಕಂಪ್ಯೂಟರ್ ಮುಂದೆ ಕೂತು ಬಾಡಿಗೆ ಮನೆಗಳ ಸೈಟುಗಳನ್ನು ಜಾಲಾಡುತ್ತಿದ್ದರು. ಒಂದೊಂದು ಮನೆಗೂ ಒಂದೊಂದು ಕೊಂಕು. ಇದರ ಅಡುಗೆಮನೆ ಕತ್ತಲು, ಅದರ ಮಾಲೀಕ ಜಾತಿ ಕೇಳುತ್ತಾನೆ, ಇನ್ನೊಂದು ಒಂಟಿ ಹೆಂಗಸರಿಗೆ ಕೊಡುವುದಿಲ್ಲ. ಒಂದು ಸಂಜೆ ಇದ್ದಕ್ಕಿದ್ದಂತೆ ಕೂಗಿದರು: "ಬಾ ಇಲ್ಲಿ, ನೋಡು."

ಹಿಮಾಯತ್‌ನಗರದ ಒಂದು ಗಲ್ಲಿಯಲ್ಲಿ ಎರಡು ಕೋಣೆಯ ಮನೆ. ಫೋಟೋದಲ್ಲಿ ಸಾಗವಾನಿ ಬಾಗಿಲು. ಬಾಗಿಲ ಮೇಲೆ ಮಣಿ ತೋರಣ, ಅದರಲ್ಲಿ ಚಂದದ ಕನ್ನಡದಲ್ಲಿ "ಸುಸ್ವಾಗತ".

"ನಮ್ಮ ಮಂದಿ ಇದ್ದ ಮನಿ" ಎಂದರು ಮೇಡಂ. ಅವರ ದನಿ ಅಷ್ಟು ಮೆತ್ತಗಾಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಫೋನಿನಲ್ಲಿ ಮಾತಾಡಿದವನ ಹಿಂದಿ ಬೆಣ್ಣೆಯಂತಿತ್ತು. ತಾನು ಮಿಲಿಟರಿಯಲ್ಲಿದ್ದೇನೆ, ಗಡಿಯಲ್ಲಿ ಡ್ಯೂಟಿ, ಬರಲಾಗುವುದಿಲ್ಲ. ಹಿಂದೆ ಇದ್ದವರು ಕರ್ನಾಟಕದವರು, ಬಲು ಸಭ್ಯರು. ಬೀಗದ ಕೈ ವಾಚ್‌ಮನ್ ಹತ್ತಿರ ಇದೆ, ಅಡ್ವಾನ್ಸ್ ಬಂದ ಕೂಡಲೇ ಅವನಿಗೆ ಫೋನ್ ಮಾಡುತ್ತೇನೆ. ಸಂಜೆಯೊಳಗೆ ಹೇಳಿ, ಇನ್ನೂ ಇಬ್ಬರು ಕಾಯುತ್ತಿದ್ದಾರೆ. ಪ್ರತಿ ಮಾತಿನ ಕೊನೆಗೆ ಸಣ್ಣಗೆ ಕೆಮ್ಮಿ, "ಭರೋಸಾ ರಖಿಯೇ, ಬೆಹೆನ್‌ಜೀ" ಎನ್ನುತ್ತಿದ್ದ. ನಂಬಿಕೆ ಇಡಿ ಅಕ್ಕಾ ಅಂತ. ಮೇಡಂ ಒಮ್ಮೆಯೂ ಗಡಿಯಾರ ನೋಡಲಿಲ್ಲ. ಬಸ್ಸು ಹತ್ತಿ ಹೋಗಿ ಕಟ್ಟಡವನ್ನು ಹೊರಗಿನಿಂದ ನೋಡಿಕೊಂಡು ಬಂದರು. ಕಟ್ಟಡ ಇತ್ತು. ಮರುದಿನ ಬ್ಯಾಂಕಿನಿಂದ ಹಣ ಕಳಿಸಿದರು.

ಅಕ್ಕ ಬಂದ ದಿನ ನಾನೂ ಜೊತೆಗಿದ್ದೆ. ಅವರನ್ನು ನೋಡಿದ್ದು ಅದೇ ಮೊದಲು. ತೆಳ್ಳಗಿನ ಜೀವ, ತಲೆ ಮೇಲೆ ಸೆರಗು. ಕೈಯಲ್ಲಿ ಹಾಲು ಉಕ್ಕಿಸಲು ಹೊಸ ಪಾತ್ರೆ, ಹೆಗಲ ಚೀಲದಲ್ಲಿ ಹೊಸ ಮನೆಗೆಂದು ತಾವೇ ಮಾಡಿದ ಮಣಿ ತೋರಣ. ಬಸ್ ಸ್ಟ್ಯಾಂಡಿನಲ್ಲಿ ತಂಗಿಯ ಕೆನ್ನೆ ಸವರಿ ಹೇಳಿದರು: "ಅತ್ತಿ ಮುಂದ ನಿಂತು ಹೇಳಿ ಬಂದೀನಿ. ಇನ್ನ ಈ ಹೊಸ್ತಲಾ ತುಳಿಯಂಗಿಲ್ಲ ಅಂತ." ಜೀವನದಲ್ಲಿ ಒಂದೇ ಒಂದು ಸಲ ಎದುರು ಮಾತಾಡಿ ಬಂದಿದ್ದ ಹೆಂಗಸು ಅವರು. ಆಟೋದಲ್ಲಿ ದಾರಿಯುದ್ದಕ್ಕೂ ನಗುತ್ತಿದ್ದರು.

ಗೇಟಿನಲ್ಲಿ ವಾಚ್‌ಮನ್ ನಮ್ಮನ್ನೂ ಪಾತ್ರೆಯನ್ನೂ ನೋಡಿ ನಿಟ್ಟುಸಿರು ಬಿಟ್ಟ. "ಆ ನಂಬರು ಫ್ಲಾಟೇ ಲೇದಮ್ಮಾ ಇಕ್ಕಡ" ಎಂದ, ಆ ನಂಬರಿನ ಮನೆಯೇ ಇಲ್ಲಿಲ್ಲ ಅಂತ. ಮೇಡಂ ಫೋನಿನಲ್ಲಿ ಫೋಟೋ ತೋರಿಸಿದರು. ಅಂಥ ಬಾಗಿಲು ಈ ಬಿಲ್ಡಿಂಗಿನಲ್ಲೇ ಇಲ್ಲ, ನಿಮ್ಮ ಹಾಗೇ ಇನ್ನೂ ಕೆಲವರು ಬಂದು ಅತ್ತುಕೊಂಡು ಹೋದರು ಎಂದ. ಮಿಲಿಟರಿಯವನ ನಂಬರು ಅಷ್ಟರಲ್ಲಿ ಬಂದ್ ಆಗಿತ್ತು. ಅಕ್ಕನಿಗೆ ತೆಲುಗು ತಿಳಿಯಲಿಲ್ಲ, ಆದರೆ ತಂಗಿಯ ಮುಖ ತಿಳಿಯಿತು. ತಂದಿದ್ದ ಹಾಲನ್ನು ವಾಚ್‌ಮನ್‌ನ ಹೆಂಡತಿಗೆ ಕೊಟ್ಟು, ಪಾತ್ರೆಯನ್ನು ಮತ್ತೆ ಚೀಲದೊಳಗೆ ಇಟ್ಟುಕೊಂಡರು.

ಹಾಸ್ಟೆಲಿನಲ್ಲಿ ಹೊರಗಿನವರನ್ನು ಉಳಿಸಿಕೊಳ್ಳುವಂತಿರಲಿಲ್ಲ. ಮೇಡಂ ಕಾಲು ಹಿಡಿಯುವುದೊಂದು ಬಾಕಿ. ಲಾಡ್ಜ್ ಮಾಡುತ್ತೇನೆ, ಯಾರದಾದರೂ ಮನೆಯಲ್ಲಿ ಇರಿಸುತ್ತೇನೆ ಎಂದರು. ಅಕ್ಕ ಕೇಳಲಿಲ್ಲ. "ಇದ್ದ ರೊಕ್ಕಾನೂ ಹೋತು. ನೀ ಮೊದಲ ನಿಂದು ನೋಡ್ಕೊ" ಎಂದು ಸಂಜೆಯ ಬಸ್ಸು ಹತ್ತಿದರು. ಮರುದಿನ ಮೇಡಂ ಫೋನ್ ಮಾಡಿ, ಅಲ್ಲಿ ಏನಂದರು ಎಂದು ಕೇಳಿದರು. ಅತ್ತೆ ಬಾಗಿಲಲ್ಲೇ ನಿಂತು, "ಬಂದ್ಯಾ?" ಎಂದರಂತೆ. ಅಷ್ಟೇ.

ಆ "ಬಂದ್ಯಾ" ಮೇಡಂ ಒಳಗೆ ಹೋಗಿ ಕೂತಿತು. ಪೊಲೀಸರು ದೂರು ಬರೆದುಕೊಂಡು, ನೀರು ಕೊಟ್ಟು, ಕಳಿಸಿದರು. ಆ ಫೋಟೋದ ಬಾಗಿಲು ಧಾರವಾಡದ ಯಾರದೋ ಮನೆಯದು ಎಂದು ಮೇಡಂ ತಾವೇ ಪತ್ತೆ ಹಚ್ಚಿದರು. ಇಂಟರ್ನೆಟ್ಟಿನಲ್ಲಿ ಆ ಫೋಟೋ ಹಾಕಿ ಹುಡುಕಿದರೆ ಅಲ್ಲೇ ಇತ್ತು. ಮುಂಚೆಯೇ ಮಾಡಬಹುದಾಗಿದ್ದ ಕೆಲಸ. "ಎಲ್ಲಾ ಅನುಮಾನ ಮಾಡ್ತೀನಿ. ಕನ್ನಡ ಕಂಡ ಕೂಡಲೇ ಬುದ್ಧಿ ಕಳಕೊಂಡೆ" ಎಂದು ಒಂದೇ ಸಲ ಹೇಳಿದರು. ಆಮೇಲೆ ಅಳಲಿಲ್ಲ. "ರೊಕ್ಕ ಹೋಗ್ಲಿ, ಹಾಳಾಗ್ಲಿ. ಆಕಿ ಆ ಹೊಸ್ತಲಾ ಮತ್ತ ತುಳದಳಲ್ಲ, ಅದಕ್ಕ ಅವ ಉತ್ತರ ಕೊಡಬೇಕು" ಎಂದರು. ನಾರಾಯಣಗೂಡದಲ್ಲಿ ಹಳೆಯ ಮನೆಯೊಂದರ ಮಹಡಿಯನ್ನು ಈ ಸಲ ಕಾಲಲ್ಲಿ ನಡೆದು, ಗೋಡೆ ತಟ್ಟಿ ನೋಡಿ ಬಾಡಿಗೆಗೆ ಹಿಡಿದರು. ಅಕ್ಕನನ್ನು ಕರೆದರು. ಅಕ್ಕ ಬರಲಿಲ್ಲ. ಒಮ್ಮೆ ಹೊರಟು ವಾಪಸಾದವಳು ಇನ್ನೊಮ್ಮೆ ಹೊರಟರೆ ಊರು ನಗುತ್ತದೆ ಎಂದರಂತೆ.

ಅಲ್ಲಿಂದ ಮೇಡಂ ಮನೆ ಹುಡುಕುವ ಮಕ್ಕಳಿಗೆಲ್ಲ ಕಾವಲಾದರು. ಕ್ಲಾಸು ಮುಗಿದ ಮೇಲೆ ನಾವು ಇಷ್ಟಪಟ್ಟ ಮನೆಯ ಜಾಹೀರಾತನ್ನು ಅವರ ಮುಂದೆ ಇಡಬೇಕು. ಅವರು ಸ್ಪೀಕರ್ ಹಾಕಿ ಫೋನ್ ಮಾಡುತ್ತಿದ್ದರು. ಮೊದಲ ಪ್ರಶ್ನೆ ಯಾವಾಗಲೂ ನೀರಿನದು: "ಮಂಜೀರಾ ನೀರು ಯಾವ ಯಾವ ದಿನ ಬರುತ್ತೆ?" ಮಂಜೀರಾ ಎಂದರೆ ಊರಿನ ನಲ್ಲಿ ನೀರು, ದಿನ ಬಿಟ್ಟು ದಿನ ಬರುವಂಥದ್ದು; ಹೈದರಾಬಾದಿನಲ್ಲಿ ಮನೆ ಇರುವವನಿಗೆ ಆ ದಿನಗಳು ನಿದ್ದೆಯಲ್ಲಿ ಕೇಳಿದರೂ ಗೊತ್ತಿರುತ್ತವೆ. ಎಲ್ಲೋ ಕೂತ ಕಳ್ಳ, ಇಪ್ಪತ್ನಾಲ್ಕು ಗಂಟೆಯೂ ಬರುತ್ತದೆ ಎನ್ನುತ್ತಿದ್ದ. ಮೇಡಂ ಅಂಗೈ ತಿರುಗಿಸಿ ಗಡಿಯಾರ ನೋಡುತ್ತಿದ್ದರು. ಆಮೇಲೆ, "ಯಾರನ್ನಾದರೂ ಕಳಿಸಿ ಅಡುಗೆಮನೆ ನಲ್ಲಿ ತಿರುಗಿಸಿ ವಿಡಿಯೋ ಮಾಡಿಸಿ" ಎನ್ನುತ್ತಿದ್ದರು. ಸಾಚಾ ಮಾಲೀಕರು ಗೊಣಗುತ್ತಾ ಮಾಡಿಸುತ್ತಿದ್ದರು. ಕಳ್ಳರಿಗೆ ಇದ್ದಕ್ಕಿದ್ದಂತೆ ಅವಸರ ಹೆಚ್ಚುತ್ತಿತ್ತು. ಅಗ್ಗದ ಬಾಡಿಗೆ, ಅವಸರ, ಮಿಲಿಟರಿ, ಮನೆ ನೋಡುವ ಮುಂಚೆ ಅಡ್ವಾನ್ಸ್, ಇವುಗಳಲ್ಲಿ ಎರಡು ಸೇರಿದರೆ ಫೋನ್ ಇಟ್ಟುಬಿಡಿ ಎಂದು ನಮಗೆ ಹೇಳುತ್ತಿದ್ದರು. ತಾವು ಮಾತ್ರ ಇಡುತ್ತಿರಲಿಲ್ಲ. ಬ್ಯಾಂಕಿನಲ್ಲಿ ಇದ್ದೇನೆ, ಪೆನ್ನು ಬರೆಯುತ್ತಿಲ್ಲ, ಅಕೌಂಟ್ ನಂಬರು ಇನ್ನೊಮ್ಮೆ ಹೇಳಿ, ಕೊನೆಯದು ಐದೋ ಆರೋ ಎಂದು ಮಧ್ಯಾಹ್ನವಿಡೀ ಸತಾಯಿಸಿ, ಕೊನೆಗೆ ಊಟ ಮಾಡಿ ಬರುತ್ತೇನೆ ಎನ್ನುತ್ತಿದ್ದರು. ಕಳ್ಳರಿಗೆ ಇಷ್ಟು ಚೆನ್ನಾಗಿ ಚಳ್ಳೆಹಣ್ಣು ತಿನ್ನಿಸಿದವರನ್ನು ನಾನು ಬೇರೆ ಕಂಡಿಲ್ಲ.

ಹೀಗೇ ಒಂದು ದಿನ ಬೀದರದ ಹುಡುಗಿಯೊಬ್ಬಳು ತಂದ ಜಾಹೀರಾತಿಗೆ ಫೋನ್ ಮಾಡಿದರು. ಆ ಕಡೆಯಿಂದ ಸಣ್ಣ ಕೆಮ್ಮು. "ಭರೋಸಾ ರಖಿಯೇ, ಬೆಹೆನ್‌ಜೀ."

ಮೇಡಂ ಗಡಿಯಾರ ನೋಡಲಿಲ್ಲ. ಮುಖ ಸುಣ್ಣದಂತಾಯಿತು. ಬಹಳ ಮರ್ಯಾದೆಯಿಂದ ಮಾತು ಮುಗಿಸಿ ಫೋನ್ ಇಟ್ಟು, ನನ್ನ ಕೈ ಹಿಡಿದುಕೊಂಡರು. ನಾನಾಗ ಕೆಲಸಕ್ಕೆ ಸೇರಿದ್ದೆ, ಸಂಜೆ ಅವರನ್ನು ನೋಡಲು ಬಂದಿದ್ದೆ. "ಇವ ಫೋಟೋ ಎಲ್ಲಿಂದ ತರ್ತಾನ ಹೇಳು? ಕದೀತಾನ. ಚಂದ ಬಾಗಲಾ ಕಂಡ್ರ ಕದೀತಾನ. ಕದೀಲಿ. ಈ ಸಲ ನಾವ ಕೊಡೂಣು" ಎಂದರು. ಅಲ್ಲೇ ಅಕ್ಕನಿಗೆ ಫೋನ್ ಹಚ್ಚಿದರು. "ಅಕ್ಕಾ, ಆ ತೋರಣ ಐತೇನು? ಗಿಳಿ ಇರ್ಲಿ. ನಡುವಿನ ಅಕ್ಷರ ಬಿಚ್ಚಿಬಿಡು. ನಾ ಹೇಳಿದ್ದು ಪೋಣಸು." ಪೋಣಿಸಬೇಕಾದದ್ದನ್ನು ಹೇಳಿದರು. ಆ ಕಡೆ ಅಕ್ಕ ಅಕ್ಷರಗಳನ್ನು ಎಣಿಸಿಕೊಂಡು, "ಅಕ್ಷರ ಭಾಳ ಆತು. ಮಣಿ ಸಾಲಂಗಿಲ್ಲ. ನೋಡ್ತೀನಿ" ಎಂದರು.

ಪಾರ್ಸೆಲ್ ಬರುತ್ತದೆ ಎಂದು ನಾವು ಕಾಯುತ್ತಿದ್ದರೆ, ಒಂದು ಬೆಳಿಗ್ಗೆ ಅಕ್ಕನೇ ನಾರಾಯಣಗೂಡದ ಮನೆಗೆ ಬಂದುಬಿಟ್ಟರು. ಆ ಮನೆಯಲ್ಲಿ ಕೂತು ಇಂಥ ಅಕ್ಷರ ಪೋಣಿಸುವುದನ್ನು ಅತ್ತೆ ನೋಡಿದರಂತೆ, ಇದೇನಿದು ಎಂದು ಕೇಳಿದರಂತೆ. "ನನ್ನ ತಂಗಿ ಸೇಡು ಅಂದೆ" ಎಂದು ಅಕ್ಕ ಚಪ್ಪಲಿ ಬಿಡುತ್ತಾ ಹೇಳಿದರು. "ಅಂಚ್ಯಾಗ ಹಾಕಿದ್ರ ಮಣಿ ಉದುರ್ತಾವು. ನಾನ ಕಟ್ಟಿ ಹೋಗ್ತೀನಿ." ಇರಲು ಬಾ ಎಂದು ಕರೆದಾಗ ಬಾರದವರು ಸೇಡಿಗೆ ಕರೆದಾಗ ಬಂದಿದ್ದರು. ಚೀಲದಲ್ಲಿ ಅದೇ ಪಾತ್ರೆ ಇತ್ತು. ಮೇಡಂ ಅದನ್ನು ಕಸಿದುಕೊಂಡು ಒಲೆ ಮೇಲಿಟ್ಟು ಹಾಲು ಹೊಯ್ದರು. ಹಾಲು ಉಕ್ಕಿ ಒಲೆ ತುಂಬ ಹರಿಯಿತು. ಅಕ್ಕ ಒರೆಸಲು ಹೋದರೆ ಮೇಡಂ ಬಿಡಲಿಲ್ಲ. ಕಟ್ಟಿ ಹೋಗುತ್ತೇನೆ ಎಂದವರು ಮತ್ತೆ ಹೋಗಲೇ ಇಲ್ಲ.

ತೋರಣ ಕಟ್ಟಿದೆವು. ಆಚೀಚೆ ಗಿಳಿ, ನಡುವೆ ಕೆಂಪು ಮಣಿಯಲ್ಲಿ ಮುತ್ತಿನಂಥ ಅಕ್ಷರ: "ಮೋಸ ಐತಿ, ರೊಕ್ಕ ಕೊಡಬ್ಯಾಡ್ರಿ." ಕನ್ನಡ ಬಾರದವರಿಗೆ ಅದೊಂದು ಅಲಂಕಾರ. ಹೊಸ್ತಿಲಿಗೆ ರಂಗೋಲಿ ಹಾಕಿ, ಬೆಳಕು ಚೆನ್ನಾಗಿದ್ದಾಗ ನಾನು ಫೋಟೋ ತೆಗೆದೆ. ಬಾಗಿಲು ಗಾಳಿಗೆ ಮುಚ್ಚಿಕೊಳ್ಳುತ್ತಿತ್ತು. ಮೇಡಂ ಒಳಗೆ ನಿಂತು ಹಿಡಿದುಕೊಂಡರು. ಸೈಟುಗಳಲ್ಲಿ ಮನೆ ಬಾಡಿಗೆಗಿದೆ ಎಂದು ಹಾಕಿ, ಸ್ವಲ್ಪ ದಿನದಲ್ಲೇ ತೆಗೆದುಬಿಟ್ಟೆವು. "ಕನ್ನಡ ಬಾರದವರ ಗತಿ?" ಎಂದು ಕೇಳಿದೆ. "ಅವರ ಭಾಷಾದಾಗ ಬರದ್ರ ಕಳ್ಳಗೂ ತಿಳೀತೈತಿ. ಈ ಫೋಟೋ ಎಲ್ಲಿ ಕಂಡರೂ ಸೈಟಿನವರಿಗೆ ತಿಳಸೂಣು. ಅವರೂ ಉಳೀತಾರ" ಎಂದರು.

ಅವನು ಕದ್ದ. ನಮ್ಮ ನಾರಾಯಣಗೂಡದ ಬಾಗಿಲು ಕೂಕಟ್‌ಪಲ್ಲಿಯಲ್ಲಿದೆ ಎಂದು ಜಾಹೀರಾತು ಬಂತು. ನಂಬರು ಹೊಸದು, ಕೆಮ್ಮು ಹಳೆಯದೇ. ಅಮೀರ್‌ಪೇಟ್‌ನ ಕನ್ನಡದ ಹುಡುಗ ಹುಡುಗಿಯರಿಗೆ ಸುದ್ದಿ ಹೋಯಿತು. ಬಳ್ಳಾರಿಯವರು, ಮಂಗಳೂರಿನವರು, ಬೆಂಗಳೂರಿನವರು ಒಬ್ಬರಾದ ಮೇಲೊಬ್ಬರು ಫೋನ್ ಮಾಡಿ, ಬಾಗಿಲನ್ನು ಹೊಗಳಿ, ಹೊಟ್ಟೆ ಹಿಡಿದುಕೊಂಡು ನಕ್ಕು ಇಡುತ್ತಿದ್ದರು. ಅವನಿಗೆ ತಲೆಬುಡ ತಿಳಿಯಲಿಲ್ಲ. ಎಲ್ಲರದೂ ಮುಗಿದ ಮೇಲೆ ಮೇಡಂ ಫೋನ್ ಮಾಡಿದರು. ಅವನು ರೇಗಿ, ಆ ಫೋಟೋದಲ್ಲಿ ಅಂಥದ್ದೇನಿದೆ, ಯಾಕೆ ಎಲ್ಲರೂ ನಗುತ್ತೀರಿ ಎಂದು ಹಿಂದಿಯಲ್ಲಿ ಕೂಗಾಡಿದ. ಮೇಡಂ ಸಣ್ಣಗೆ ಕೆಮ್ಮಿ ಹೇಳಿದರು: "ಭರೋಸಾ ರಖಿಯೇ, ಭಾಯಿಸಾಬ್."

ಅವನು ಸಿಕ್ಕಿಬೀಳಲಿಲ್ಲ. ನಂಬರು ಬದಲಿಸಿ ಮಾಯವಾದ. ನನಗೆ ಹೊಟ್ಟೆ ತಣ್ಣಗಾಗಲಿಲ್ಲ. ಅವನಿಗೆ ಹೇಳಿಬಿಡಬೇಕಿತ್ತು ಮೇಡಂ, ಗೊತ್ತಾಗಿ ಉರಿದುಕೊಳ್ಳುತ್ತಿದ್ದ ಎಂದೆ. ಅವರು ತಲೆ ಅಲ್ಲಾಡಿಸಿದರು. "ಹೇಳಂಗಿಲ್ಲ. ತಿಳೀದ ಸಾಯ್ಲಿ."

ಹೊಟ್ಟೆಯ ಕಾಯಿಲೆಯಿಂದ ಮೇಡಂ ಬೇಗ ಹೋದರು. ಅದರ ಬಗ್ಗೆ ಬರೆಯಲಾರೆ. ಕೊನೆಯ ದಿನಗಳಲ್ಲಿ ಗಡಿಯಾರ ಸಡಿಲವಾಗಿ ಮೊಣಕೈ ತನಕ ಜಾರುತ್ತಿತ್ತು. ಗುಣವಾಗುತ್ತೀರಿ ಎಂದು ಡಾಕ್ಟರು ಹೇಳಿದಾಗ ಅದನ್ನು ಕೆಳಗೆ ಎಳೆದುಕೊಂಡು ನೋಡಿದರು.

ಕಳೆದ ಭಾನುವಾರ ಅಕ್ಕನನ್ನು ನೋಡಲು ನಾರಾಯಣಗೂಡಕ್ಕೆ ಹೋಗಿದ್ದೆ. ದಾರಿಯಲ್ಲೇ ನನ್ನ ಆಫೀಸಿನ ಹಾಸನದ ಹುಡುಗಿಯೊಬ್ಬಳು ಫೋನಿಗೆ ಒಂದು ಜಾಹೀರಾತು ಕಳಿಸಿದ್ದಳು: ಈ ಬಾಗಿಲ ಮೇಲೆ ಬರೆದಿರುವುದು ನೋಡಿ, ನಾನು ಉಳಿದುಕೊಂಡೆ. ಈಗ ಜಾಹೀರಾತಿನ ಪ್ರಕಾರ ನಮ್ಮ ಆ ಬಾಗಿಲು ಕೊಂಡಾಪುರದಲ್ಲಿತ್ತು. ಯಾವ ಕಳ್ಳನಿಂದ ಯಾವ ಕಳ್ಳನಿಗೆ ಹೋಗಿತ್ತೋ. ಅಕ್ಕನಿಗೆ ತೋರಿಸಿದೆ. ಅವರು ತೋರಣವನ್ನು ನೋಡಲಿಲ್ಲ. ಬಾಗಿಲ ಅಂಚಿನ ಮೇಲೆ ಬೆರಳಿಟ್ಟರು. ನಾನು ಇಷ್ಟು ವರ್ಷ ಗಮನಿಸಿರಲಿಲ್ಲ. ಅಲ್ಲಿ ಒಳಗಿನಿಂದ ಬಾಗಿಲನ್ನು ಹಿಡಿದ ಒಂದು ಕೈ, ಮಣಿಕಟ್ಟಿನ ಒಳಭಾಗಕ್ಕೆ ತಿರುಗಿದ ಗಡಿಯಾರ.

"ನಿಂತಾಳ ನೋಡು" ಎಂದರು ಅಕ್ಕ. ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಕೈ ಚಾಚಿದರು. "ಆ ನಂಬರ್ ಹಚ್ಚಿ ಕೊಡು. ಇವತ್ತ ನಾ ಮಾತಾಡ್ತೀನಿ."

ಆ ಕಡೆ ಹೊಸ ದನಿ, ಎಳೆಯ ದನಿ. ಮನೆ ಖಾಲಿ ಇದೆ, ತಾನು ಮಿಲಿಟರಿಯಲ್ಲಿದ್ದೇನೆ, ಟೋಕನ್ ಎಂದು ಸ್ವಲ್ಪ ಮುಂಗಡ ಕಳಿಸಿದರೆ ಬೀಗದ ಕೈ ಸಿಗುತ್ತದೆ ಎಂದು ಒಪ್ಪಿಸಿದ. ಅಕ್ಕ ಎಲ್ಲ ಕೇಳಿಸಿಕೊಂಡು, ತಮ್ಮ ಊರ ಕಡೆಯ ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: "ದರವಾಜೇ ಕೆ ಊಪರ್ ಕ್ಯಾ ಲಿಖ್ಖಾ ಹೈ, ಭಾಯಿ?" ಬಾಗಿಲ ಮೇಲೆ ಏನು ಬರೆದಿದೆಯಪ್ಪಾ ಎಂದು.

ಅವನು ಒಂದು ಗಳಿಗೆಯೂ ತಡವರಿಸಲಿಲ್ಲ. "ವೆಲ್‌ಕಮ್ ಲಿಖಾ ಹೈ, ಮಾಜೀ."

ನಾನು ಬಾಯಿ ತೆರೆದೆ. ಅಕ್ಕ ಫೋನಿನ ಮೇಲೆ ಅಂಗೈ ಮುಚ್ಚಿ, ತಲೆ ಅಲ್ಲಾಡಿಸಿ, ಯಾರಿಗೂ ಕೆಟ್ಟದ್ದು ಬಯಸದ ಆ ಮೆತ್ತನೆಯ ದನಿಯಲ್ಲೇ ಹೇಳಿದರು: "ಹೇಳಬ್ಯಾಡ. ತಿಳೀದ ಸಾಯ್ಲಿ."